ಕ್ಯಾನ್ಸರ್ ಶಿಬಿರದಲ್ಲಿ ಮೊದಲು ಬಾಯಿ ನೋಡಿ, ರಕ್ತ ಆಮೇಲೆ ತೆಗೆಯಿರಿ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಆರೋಗ್ಯ ಶಿಬಿರ ನಡೆಸುವ ಸಂಘ-ಸಂಸ್ಥೆಗಳಿಗೆ, ಮಠಗಳಿಗೆ, ಯುವಕ ಮಂಡಳಗಳಿಗೆ, ಲ್ಯಾಬ್ ಮಾಲೀಕರಿಗೆ, ಮತ್ತು ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದು, ಮಷಿನ್‌ಗೆ ಹಾಕುವುದು, ರಿಪೋರ್ಟ್ ಕೈಗೆ ಕೊಡುವುದು ನನ್ನ ಕೆಲಸ. ಡಾಕ್ಟರ್ ಅಲ್ಲ. ಆದರೆ ರಿಪೋರ್ಟಿನ ಕವರ್ ಬಿಚ್ಚಿದ ಕೂಡಲೇ ಜನರ ಮುಖ ಹೇಗಾಗುತ್ತದೆ ಅನ್ನುವುದನ್ನು ಡಾಕ್ಟರಿಗಿಂತ ಮೊದಲು ನೋಡುವವರು ನಾವು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟು. ಯಾವ ತೊಂದರೆಯೂ ಇಲ್ಲದ ಜನರನ್ನು ಸಾಲಾಗಿ ನಿಲ್ಲಿಸಿ, "ರಕ್ತದಲ್ಲೇ ಕ್ಯಾನ್ಸರ್ ಪತ್ತೆ" ಅಂತ ಹೇಳಿ ಟ್ಯೂಬ್ ತುಂಬಿಸಿಕೊಳ್ಳುವುದನ್ನು ನಿಲ್ಲಿಸಿ. ಅದೇ ಟೇಬಲ್ ಮೇಲೆ ಒಂದು ಟಾರ್ಚ್ ಇಟ್ಟುಕೊಂಡು ಅವರ ಬಾಯಿ ನೋಡಿ. ರಕ್ತದ ಪರೀಕ್ಷೆ ನಿಜವಾಗಿ ಬೇಕಾದವರು ಬೇರೆ ಇದ್ದಾರೆ. ಅವರು ನಿಮ್ಮ ಶಿಬಿರಕ್ಕೆ ಬರುವುದೂ ಇಲ್ಲ. ಅವರ ವಿಷಯವನ್ನೂ ಮುಂದೆ ಬರೆದಿದ್ದೇನೆ.

ಶಿಬಿರ ಮಾಡುವವರ ಮನಸ್ಸು ಒಳ್ಳೆಯದು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಭಾನುವಾರ ಮನೆ ಬಿಟ್ಟು, ಕೈಯಿಂದ ದುಡ್ಡು ಹಾಕಿ, ಬಂದವರಿಗೆ ಉಪ್ಪಿಟ್ಟು ಚಹಾ ಕೊಟ್ಟು ನಡೆಸುತ್ತೀರಿ. ಅಷ್ಟು ಕಷ್ಟಪಟ್ಟಿದ್ದು ಜನರಿಗೆ ದಕ್ಕಬೇಕಲ್ವಾ? ಈಗ ದಕ್ಕುತ್ತಿಲ್ಲ ಅನ್ನುವುದೇ ನನ್ನ ಸಂಕಟ.

ರಕ್ತದಲ್ಲಿ ಕ್ಯಾನ್ಸರ್ ಹುಡುಕುವ ಒಂದು ದಾರಿ ಆಂಟಿಬಾಡಿ ನೋಡುವುದು, ಮೊದಲು ಅದರ ವಿಷಯ. ಕೊರೊನಾ ಕಾಲದಲ್ಲಿ ಈ ಹೆಸರು ಎಲ್ಲರಿಗೂ ಗೊತ್ತಾಯಿತು. ಹೊರಗಿನಿಂದ ರೋಗಾಣು ಬಂದರೆ ಅದನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನ್ ಅದು. ಕ್ಯಾನ್ಸರ್ ಹೊರಗಿನಿಂದ ಬರುವುದಲ್ಲ, ನಮ್ಮದೇ ಜೀವಕೋಶ ಕೆಟ್ಟು ಬೆಳೆಯುವುದು. ಆದರೂ ಕೆಟ್ಟ ಮೇಲೆ ಅದರೊಳಗಿನ ಕೆಲವು ಪ್ರೋಟೀನ್‌ಗಳ ರೂಪ ಬದಲಾಗುತ್ತದೆ. ಕೆಲವು ಬೇಕಾದ್ದಕ್ಕಿಂತ ಜಾಸ್ತಿ ತಯಾರಾಗುತ್ತವೆ. ಗಂಡಸರ ವೃಷಣದಲ್ಲಿ ಮಾತ್ರ ಇರಬೇಕಾದ ಕೆಲವು ಪ್ರೋಟೀನ್‌ಗಳು ಶ್ವಾಸಕೋಶದ ಗಡ್ಡೆಯಲ್ಲಿ ಕಾಣಿಸಿಕೊಳ್ಳುತ್ತವೆ. ದೇಹ ಇದನ್ನು ಹೊರಗಿನದು ಅಂದುಕೊಂಡು ಅದರ ವಿರುದ್ಧ ಆಂಟಿಬಾಡಿ ಮಾಡುತ್ತದೆ.

ವಿಜ್ಞಾನಿಗಳಿಗೆ ಇದರ ಮೇಲೆ ಆಸೆ ಹುಟ್ಟಿದ್ದಕ್ಕೆ ಕಾರಣ ಇದೆ. ಗಡ್ಡೆ ಸಣ್ಣದಿದ್ದಾಗ ಅದರಿಂದ ರಕ್ತಕ್ಕೆ ಬೀಳುವ ಪ್ರೋಟೀನ್ ತೀರಾ ಕಡಿಮೆ, ಮಷಿನ್‌ಗೆ ಸಿಗುವುದಿಲ್ಲ. ಆಂಟಿಬಾಡಿ ಹಾಗಲ್ಲ. ಸ್ವಲ್ಪವೇ ಪ್ರೋಟೀನ್ ಕಂಡರೂ ದೇಹ ಅದರ ವಿರುದ್ಧ ಬೇಕಾದಷ್ಟು ಆಂಟಿಬಾಡಿ ತಯಾರಿಸುತ್ತದೆ, ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಹಾಗಾದರೆ ಗಡ್ಡೆ ಸ್ಕ್ಯಾನ್‌ಗೆ ಕಾಣುವ ಮೊದಲೇ ಹಿಡಿಯಬಹುದಲ್ವಾ ಅನ್ನುವುದು ಯೋಚನೆ. ಜೀವಕೋಶ ಹದ್ದುಮೀರಿ ಬೆಳೆಯದಂತೆ ತಡೆಯುವ ಪಿ53 ಅನ್ನುವ ಪ್ರೋಟೀನ್ ಗೊತ್ತಾಗಿದ್ದು 1979ರಲ್ಲಿ. 1982ರಲ್ಲೇ, ಸ್ತನ ಕ್ಯಾನ್ಸರ್ ಇದ್ದ ಕೆಲವರ ರಕ್ತದಲ್ಲಿ ಅದರ ವಿರುದ್ಧದ ಆಂಟಿಬಾಡಿ ಸಿಕ್ಕಿತು. ಅಂದಿನಿಂದ ಈ ದಾರಿಯಲ್ಲಿ ದೊಡ್ಡ ದೊಡ್ಡವರು ಕೆಲಸ ಮಾಡುತ್ತಿದ್ದಾರೆ. ಅವರ ಮೇಲೆ ನನಗೆ ತುಂಬಾ ಗೌರವ.

ಆದರೆ ಪಿ53 ಕೆಟ್ಟ ಎಲ್ಲರಲ್ಲೂ ಆಂಟಿಬಾಡಿ ಹುಟ್ಟುವುದಿಲ್ಲ. ಬಹಳ ಜನರಲ್ಲಿ ಹುಟ್ಟುವುದೇ ಇಲ್ಲ. ಹುಟ್ಟಿದವರಲ್ಲೂ ಕೆಲವರಿಗೆ ಕ್ಯಾನ್ಸರ್ ಇರುವುದಿಲ್ಲ, ದೇಹ ತನ್ನ ವಿರುದ್ಧವೇ ಆಂಟಿಬಾಡಿ ಮಾಡಿಕೊಳ್ಳುವ ಲೂಪಸ್‌ನಂಥ ಬೇರೆ ಕಾಯಿಲೆ ಇರುತ್ತದೆ. ಅದಕ್ಕೇ ಒಂದರ ಬದಲು ಹಲವು ಆಂಟಿಬಾಡಿಗಳನ್ನು ಒಟ್ಟಿಗೆ ನೋಡುವ ಪರೀಕ್ಷೆಗಳು ಬಂದವು. ಶ್ವಾಸಕೋಶದ ಕ್ಯಾನ್ಸರ್‌ಗೆ ಏಳು ಆಂಟಿಬಾಡಿ ಅಳೆಯುವ ಒಂದು ಪರೀಕ್ಷೆಯನ್ನು ಸ್ಕಾಟ್ಲೆಂಡ್‌ನಲ್ಲಿ 12,208 ಜನರ ಮೇಲೆ ಪ್ರಯೋಗ ಮಾಡಿದರು. ಎಲ್ಲರೂ 50ರಿಂದ 75 ವರ್ಷದವರು. ವರ್ಷಗಟ್ಟಲೆ ಸಿಗರೇಟು ಸೇದಿ ಅಪಾಯ ಜಾಸ್ತಿ ಇದ್ದವರನ್ನೇ ಆರಿಸಿದ್ದರು. ಅರ್ಧ ಜನರಿಗೆ ಪರೀಕ್ಷೆ ಮಾಡಿದರು, ಉಳಿದವರಿಗೆ ಇಲ್ಲ. ಪಾಸಿಟಿವ್ ಬಂದವರಿಗೆ ಎಕ್ಸ್-ರೇ, ಸಿಟಿ ಸ್ಕ್ಯಾನ್ ಮಾಡಿ, ಆಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುತ್ತಾ ಹೋದರು.

ಎರಡು ವರ್ಷ ಆದ ಮೇಲೆ ಲೆಕ್ಕ ಹಾಕಿದರು. ಪರೀಕ್ಷೆ ಮಾಡಿಸಿಕೊಂಡವರಲ್ಲಿ 56 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ಅದರಲ್ಲಿ ಮೂರನೇ, ನಾಲ್ಕನೇ ಹಂತಕ್ಕೆ ಹೋದವರು 33. ಪರೀಕ್ಷೆ ಮಾಡಿಸದ ಗುಂಪಿನಲ್ಲಿ 71 ಮಂದಿಗೆ ಬಂದಿತ್ತು, 52 ಮಂದಿ ಕೊನೆಯ ಹಂತಗಳಲ್ಲಿದ್ದರು. ಇದು ಸಣ್ಣ ಸುದ್ದಿ ಅಲ್ಲ. ಬೇಗ ಸಿಕ್ಕವರು ಜಾಸ್ತಿ ಆದರು. ಆದರೆ ಇನ್ನೊಂದು ಲೆಕ್ಕವೂ ಅದೇ ವರದಿಯಲ್ಲಿದೆ. ಪಾಸಿಟಿವ್ ಬಂದವರು 598 ಜನ. ಅವರಲ್ಲಿ ಎರಡು ವರ್ಷದೊಳಗೆ ಕ್ಯಾನ್ಸರ್ ಕಂಡದ್ದು 18 ಮಂದಿಗೆ. ಇನ್ನುಳಿದ 580 ಜನ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿಕೊಂಡರು. ಆ 56 ಕ್ಯಾನ್ಸರ್‌ಗಳಲ್ಲಿ 38 ಮಂದಿಗೆ ರಕ್ತದ ಪರೀಕ್ಷೆ ನೆಗೆಟಿವ್ ಅಂದಿತ್ತು.

ಮತ್ತೊಮ್ಮೆ ಓದಿ. ಕ್ಯಾನ್ಸರ್ ಬಂದ ಮೂವರಲ್ಲಿ ಇಬ್ಬರಿಗೆ ಆ ಪರೀಕ್ಷೆ "ಏನೂ ಇಲ್ಲ" ಅಂದಿತ್ತು.

ಇದು ಅಷ್ಟು ಜೋಪಾನವಾಗಿ ನಡೆಸಿದ ಪ್ರಯೋಗ. ಪಾಸಿಟಿವ್ ಬಂದ ಒಬ್ಬೊಬ್ಬರನ್ನೂ ಕೈಬಿಡದೆ ಎರಡು ವರ್ಷ ನೋಡಿಕೊಂಡರು. ಈಗ ಇದನ್ನೇ ನಮ್ಮ ಶಿಬಿರಕ್ಕೆ ತನ್ನಿ. ಸಾವಿರ ಜನ ಬಂದರು ಅನ್ನೋಣ. ಅರ್ಧ ಜನ ನಲವತ್ತರ ಒಳಗಿನವರು, ಬೀಡಿ ಸಿಗರೇಟು ಮುಟ್ಟದ ಹೆಣ್ಣುಮಕ್ಕಳು. ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಒಂದೂ ಇರಲಿಕ್ಕಿಲ್ಲ. ಆದರೂ ಪರೀಕ್ಷೆ ಅಷ್ಟೇ ನಿಖರ ಇದ್ದರೆ, ನೂರರ ಹತ್ತಿರ ಜನರಿಗೆ ಪಾಸಿಟಿವ್ ಅಂತ ಕಾಗದ ಹೋಗುತ್ತದೆ. ಸಂಜೆಗೆ ಪೆಂಡಾಲ್ ಬಿಚ್ಚುತ್ತಾರೆ. ಆ ನೂರು ಜನರ ಸಿಟಿ ಸ್ಕ್ಯಾನ್ ಯಾರು ಮಾಡಿಸುತ್ತಾರೆ? ಆರು ತಿಂಗಳ ನಂತರ ಯಾರು ಫೋನ್ ಮಾಡುತ್ತಾರೆ? ಅದಕ್ಕಿಂತ ನನಗೆ ಹೆದರಿಕೆ ನೆಗೆಟಿವ್ ಬಂದವರದ್ದು. "ನಂದು ಕ್ಯಾನ್ಸರ್ ಟೆಸ್ಟ್ ಆಗೇತಿ, ಏನೂ ಇಲ್ಲ" ಅಂತ ಹೇಳಿಕೊಂಡು ಮೂರು ತಿಂಗಳ ಕೆಮ್ಮನ್ನು ನುಂಗಿಕೊಂಡು ಕೂರುತ್ತಾರೆ.

ನಮ್ಮ ಕಡೆ ಶಿಬಿರಗಳಲ್ಲಿ ಈ ಏಳು ಆಂಟಿಬಾಡಿ ಪರೀಕ್ಷೆ ಮಾಡುವುದಿಲ್ಲ ಅಂತ ನೀವು ಹೇಳಬಹುದು. ನಿಜ, ಮಾಡುವುದು ಟ್ಯೂಮರ್ ಮಾರ್ಕರ್. ಅಂಡಾಶಯಕ್ಕೆ ಸಿಎ-125, ಕರುಳಿಗೆ ಸಿಇಎ, ಗಂಡಸರ ಪ್ರೋಸ್ಟೇಟ್ ಗ್ರಂಥಿಗೆ ಪಿಎಸ್‌ಎ, ಲಿವರ್‌ಗೆ ಎಎಫ್‌ಪಿ. ಇವು ದೇಹ ಮಾಡಿದ ಆಂಟಿಬಾಡಿ ಅಲ್ಲ, ಗಡ್ಡೆಯೋ ಅಂಗವೋ ಬಿಟ್ಟ ಪ್ರೋಟೀನ್. ಅದನ್ನು ಹಿಡಿಯಲು ಕಿಟ್‌ನಲ್ಲಿ ಆಂಟಿಬಾಡಿ ಇಟ್ಟಿರುತ್ತಾರೆ. ಎರಡೂ ಬೇರೆ ಬೇರೆ. ಆದರೆ ಕೌಂಟರ್‌ಗೆ ಬಂದಾಗ ಆಗುವ ಫಜೀತಿ ಒಂದೇ.

ಒಂದು ಸಂಗತಿ ಹೇಳುತ್ತೇನೆ. ಕುಂದಗೋಳ ಕಡೆಯ ಒಬ್ಬ ಅಕ್ಕ ರಿಪೋರ್ಟ್ ಹಿಡಿದುಕೊಂಡು ನಮ್ಮ ಕೌಂಟರ್‌ಗೆ ಬಂದರು. ನಲವತ್ತರ ಆಸುಪಾಸು. ಊರ ಹತ್ತಿರದ ಶಿಬಿರದಲ್ಲಿ ತೆಗೆದ ರಕ್ತ. ಸಿಎ-125ರ ಮುಂದೆ 52 ಅಂತ ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ನಾರ್ಮಲ್ 35ರ ಒಳಗೆ ಅಂತ. ಬೇರೆ ಏನೂ ಬರೆದಿರಲಿಲ್ಲ. ಶಿಬಿರದವರಿಗೆ ಫೋನ್ ಮಾಡಿದರೆ "ದೊಡ್ಡ ಡಾಕ್ಟರಿಗೆ ತೋರಿಸಿ" ಅಂದರಂತೆ.

"ಸರ, ಇದು ಕ್ಯಾನ್ಸರ್ ಏನ್ರೀ?"

"ಇಷ್ಟರ ಮ್ಯಾಲೆ ಹಂಗ ಹೇಳಾಕ ಬರಂಗಿಲ್ರೀ ಅಕ್ಕಾರ. ಮುಟ್ಟು ಇದ್ದಾಗೂ ಏರತೈತಿ. ಹೆಂಗಸರ ಡಾಕ್ಟರಿಗೆ ತೋರ್ಸಿ, ಸ್ಕ್ಯಾನ್ ಮಾಡಸ್ರಿ."

ಕೈ ನಡುಗುತ್ತಿತ್ತು ಅವರದ್ದು. ಮಗಳ ಮದುವೆ ಗೊತ್ತಾಗಿತ್ತಂತೆ, ಅದನ್ನು ಮುಂದೆ ಹಾಕುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. ಆಮೇಲೆ ಸ್ಕ್ಯಾನ್‌ನಲ್ಲಿ ಕಂಡದ್ದು ಗರ್ಭಕೋಶದ ಫೈಬ್ರಾಯ್ಡ್, ಅಪಾಯ ಇಲ್ಲದ ಗಂಟು. ಅವರ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಕೆಳತುಟಿಯ ಒಳಗೆ ತಂಬಾಕು. ಎರಡು ಸಲ ಹೊರಗೆ ಹೋಗಿ ಉಗುಳಿ ಬಂದರು. ಮಾತಾಡುವಾಗ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ನಾನು ಸುಮ್ಮನಿರಲಾರದೆ ಕೇಳಿದೆ.

"ಕಾಕಾರ, ಶಿಬಿರದಾಗ ನಿಮ್ಮ ಬಾಯಿ ನೋಡಿದ್ರೇನ್ರೀ?"

"ಇಲ್ರೀ. ರಕ್ತ ಅಷ್ಟ ತಗೊಂಡ್ರು."

ಆ ಮಾತು ನನಗೆ ತುಂಬಾ ಚುಚ್ಚಿತು. ನೂರಾರು ಜನರನ್ನು ಸೇರಿಸಿದ ಶಿಬಿರ. ಎದುರಿಗೆ ನಿಂತ ಮನುಷ್ಯನ ಬಾಯಿ ಸರಿಯಾಗಿ ತೆರೆಯುತ್ತಿಲ್ಲ, ಅದನ್ನು ಯಾರೂ ನೋಡಿಲ್ಲ.

ಸಿಎ-125 ಫೈಬ್ರಾಯ್ಡ್‌ನಲ್ಲಿ ಏರುತ್ತದೆ, ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲಿ ಏರುತ್ತದೆ, ಗರ್ಭಿಣಿಯರಲ್ಲಿ ಏರುತ್ತದೆ. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು, ಹೊಟ್ಟೆಯ ಟಿಬಿಯಲ್ಲಿ ಸಿಕ್ಕಾಪಟ್ಟೆ ಏರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ, ಸಿಎ-125 ಏರಿ, ಅಂಡಾಶಯದ ಕ್ಯಾನ್ಸರ್ ಅಂದುಕೊಂಡಿದ್ದು ಕೊನೆಗೆ ಟಿಬಿ ಆಗಿರುವುದು ಡಾಕ್ಟರುಗಳಿಗೆ ಗೊತ್ತಿರುವ ಸಂಗತಿಯೇ. ಸಿಇಎ ಸಿಗರೇಟು ಸೇದುವವರಲ್ಲಿ ಏರಿರುತ್ತದೆ. ಪಿಎಸ್‌ಎ ವಯಸ್ಸಾದಂತೆ ಏರುತ್ತದೆ, ಮೂತ್ರದ ಸೋಂಕಿದ್ದರೂ ಏರುತ್ತದೆ. ಇವೆಲ್ಲ ಕೆಲಸಕ್ಕೆ ಬಾರದ ಪರೀಕ್ಷೆಗಳು ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಖಚಿತವಾದವರ ಚಿಕಿತ್ಸೆ ಹೇಗೆ ನಡೆಯುತ್ತಿದೆ, ಮತ್ತೆ ಬಂತಾ ಅಂತ ನೋಡಲು ಇವು ಬಹಳ ಬೇಕು. ಜಗಳ ಇರುವುದು ಆರೋಗ್ಯವಂತರ ಸಾಲಿನಲ್ಲಿ ಇದನ್ನು ಮಾಡುವುದರ ಬಗ್ಗೆ.

ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಬ್ರಿಟನ್ನಿನಲ್ಲಿ 50 ದಾಟಿದ 2,02,638 ಹೆಂಗಸರ ಮೇಲೆ ಸಿಎ-125 ಮತ್ತು ಸ್ಕ್ಯಾನ್ ಇಟ್ಟುಕೊಂಡು ದೊಡ್ಡ ಅಧ್ಯಯನ ನಡೆಯಿತು. ಸುಮಾರು 16 ವರ್ಷ ಹಿಂಬಾಲಿಸಿದರು. 2021ರಲ್ಲಿ ಫಲಿತಾಂಶ ಬಂತು. ಸಿಎ-125 ಪ್ರತಿ ವರ್ಷ ನೋಡಿದ ಗುಂಪಿನಲ್ಲಿ ಕೆಲವು ಕ್ಯಾನ್ಸರ್ ಬೇಗ ಸಿಕ್ಕವು. ಆದರೆ ಅಂಡಾಶಯದ ಕ್ಯಾನ್ಸರ್‌ನಿಂದ ಸತ್ತವರ ಸಂಖ್ಯೆ ಕಡಿಮೆ ಆಗಲಿಲ್ಲ. ಎರಡು ಲಕ್ಷ ಹೆಂಗಸರು ತಮ್ಮ ಮೈ ಕೊಟ್ಟು ನಮಗೆ ತಿಳಿಸಿಕೊಟ್ಟ ಪಾಠ ಅದು. ನಮ್ಮ ಶಿಬಿರದ ಪಟ್ಟಿ ಬರೆಯುವಾಗ ಅದನ್ನು ಬದಿಗಿಡುವುದು ಸರಿಯಲ್ಲ.

ಆಂಟಿಬಾಡಿ ನೋಡಿ ಕ್ಯಾನ್ಸರ್ ಹುಡುಕುವುದು ಚೆನ್ನಾಗಿ ಫಲಿಸಿದ ಜಾಗಗಳೂ ಇವೆ. ದಕ್ಷಿಣ ಚೀನಾದಲ್ಲಿ ಮೂಗಿನ ಹಿಂಭಾಗದ, ಗಂಟಲಿನ ಮೇಲ್ಭಾಗದ ಒಂದು ಕ್ಯಾನ್ಸರ್ ತುಂಬಾ. ಅದಕ್ಕೆ ಎಪ್‌ಸ್ಟೀನ್-ಬಾರ್ ವೈರಸ್ ನಂಟಿದೆ. ಆ ವೈರಸ್ ವಿರುದ್ಧದ ಆಂಟಿಬಾಡಿ ಅಳೆದು ಅಲ್ಲಿ ಹಲವು ದಶಕಗಳಿಂದ ತಪಾಸಣೆ ಮಾಡುತ್ತಿದ್ದಾರೆ. ಹಾಗೆಯೇ ಯುರೋಪಿನಲ್ಲಿ ಎಚ್‌ಪಿವಿ-16 ವೈರಸ್‌ನ ಇ6 ಪ್ರೋಟೀನ್ ವಿರುದ್ಧದ ಆಂಟಿಬಾಡಿ, ಗಂಟಲು ಕ್ಯಾನ್ಸರ್ ಕಾಣುವ ಹತ್ತು ವರ್ಷಕ್ಕಿಂತ ಮೊದಲೇ ಕೆಲವರ ರಕ್ತದಲ್ಲಿ ಸಿಕ್ಕಿದ್ದು 2013ರಲ್ಲಿ ಗೊತ್ತಾಯಿತು. ಹತ್ತು ವರ್ಷ ಮೊದಲು! ಓದಿದಾಗ ನಾನು ಬೆರಗಾಗಿದ್ದೆ. ಆದರೆ ಅಲ್ಲಿನ ಕ್ಯಾನ್ಸರ್ ಬೇರೆ, ನಮ್ಮದು ಬೇರೆ. ಚೀನಾದ ಆ ಕ್ಯಾನ್ಸರ್ ನಮ್ಮ ದೇಶದಲ್ಲಿ ಜಾಸ್ತಿ ಇರುವುದು ನಾಗಾಲ್ಯಾಂಡ್ ಕಡೆ. ನಮ್ಮ ಹುಬ್ಬಳ್ಳಿ, ಗದಗ, ಹಾವೇರಿಯ ಬಾಯಿ ಕ್ಯಾನ್ಸರ್‌ಗಳಿಗೆ ಮುಖ್ಯ ಕಾರಣ ವೈರಸ್ ಅಲ್ಲ. ತಂಬಾಕು, ಗುಟ್ಕಾ, ಮಾವಾ, ಅಡಿಕೆ. ಅದನ್ನು ಹೇಳುವ ಆಂಟಿಬಾಡಿ ಯಾವ ಟ್ಯೂಬ್‌ನಲ್ಲೂ ಇಲ್ಲ. ಬಾಯಿ ತೆರೆದರೆ ಕಾಣುತ್ತದೆ.

ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಗಿದೆ. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಅಂಗೈಯಲ್ಲಿ ಸುರಿದು ಬೆರೆಸಿಕೊಳ್ಳುವುದನ್ನು ಹೊಸ ಬಸ್ ಸ್ಟ್ಯಾಂಡ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಇಪ್ಪತ್ತು ವರ್ಷ ದಾಟಿತು. ಇದನ್ನು ಹಾನಗಲ್ ಕಡೆ ಅಡಿಕೆ ತೋಟ ಇರುವವರ ಎದುರು ಹೇಳುವುದು ಕಷ್ಟ ಅಂತ ನನಗೂ ಗೊತ್ತು. ಹೇಳಲೇಬೇಕು.

ಅಡಿಕೆ ಜಗಿದು ಜಗಿದು ಕೆನ್ನೆಯ ಒಳಭಾಗ ಗಟ್ಟಿಯಾಗುತ್ತದೆ. ಮೊದಲ ಲಕ್ಷಣ ಉರಿ. ಬ್ಯಾಡಗಿ ಮೆಣಸಿನಕಾಯಿ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ಜಾಸ್ತಿ ಹೊಡೆಯುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ "ಖಾರ ಆಗವಲ್ದು" ಅಂತ ಮೊಸರನ್ನ ಕೇಳತೊಡಗುತ್ತಾನೆ. ಆಮೇಲೆ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಇದಕ್ಕೆ ಸುಲಭದ ಪರೀಕ್ಷೆ ಇದೆ. ಅವರದೇ ಕೈಯ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಡಲು ಹೇಳಿ. ಮೂರೂ ಹೋಗಬೇಕು. ಎರಡೇ ಹೋದರೆ ಡೆಂಟಲ್ ಡಾಕ್ಟರ್ ನೋಡಬೇಕು. ಆಮೇಲೆ ಟಾರ್ಚ್ ಹಾಕಿ ಕೆನ್ನೆಯ ಒಳಗೆ, ತುಟಿಯ ಹಿಂದೆ, ನಾಲಿಗೆ ಎತ್ತಿಸಿ ಅದರ ಅಡಿಗೆ, ನಾಲಿಗೆಯ ಎರಡು ಬದಿಗೆ ನೋಡಬೇಕು. ಒರೆಸಿದರೂ ಹೋಗದ ಬಿಳಿ ಕಲೆ, ಕೆಂಪು ಕಲೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು. ನೋವಿಲ್ಲ ಅಂದರೂ ಬಿಡಬಾರದು. ನೋವಿಲ್ಲದ ಹುಣ್ಣೇ ಜಾಸ್ತಿ ಹೆದರಿಸುವಂಥದ್ದು. ಒಬ್ಬರಿಗೆ ಎರಡು ಮೂರು ನಿಮಿಷ ಸಾಕು. ಗ್ಲೌಸ್, ಟಾರ್ಚ್ ಬಿಟ್ಟರೆ ಖರ್ಚಿಲ್ಲ.

ಇದು ನನ್ನ ಮಾತಲ್ಲ. ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳನ್ನು ಆರಿಸಿ, ಅದರಲ್ಲಿ ಏಳರಲ್ಲಿ 1996ರಿಂದ ಇದನ್ನೇ ಮಾಡಿದರು, ಆರನ್ನು ಹೋಲಿಕೆಗೆ ಬಿಟ್ಟರು. ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ನೋಡಿದರು. 2005ರಲ್ಲಿ ಬಂದ ಲೆಕ್ಕದ ಪ್ರಕಾರ, ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಸ್ಕಾಟ್ಲೆಂಡಿನ ಏಳು ಆಂಟಿಬಾಡಿಗೆ ಆ ಎರಡು ವರ್ಷದಲ್ಲಿ ಸಾವು ಕಡಿಮೆ ಮಾಡಿದ್ದನ್ನು ತೋರಿಸಲು ಆಗಲಿಲ್ಲ. ಕೇರಳದ ಟಾರ್ಚ್‌ಗೆ ಆಯಿತು.

ಹೆಣ್ಣುಮಕ್ಕಳ ವಿಷಯವೂ ಹೀಗೇ. ಮುಂಬೈಯ ಬಡ ಬಡಾವಣೆಗಳಲ್ಲಿ ಟಾಟಾ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಅಧ್ಯಯನ ಮಾಡಿದರು. ಗರ್ಭಕೋಶದ ಬಾಯಿಗೆ ಅಸಿಟಿಕ್ ಆಸಿಡ್ ದ್ರಾವಣ ಹಚ್ಚಿ, ಬೆಳ್ಳಗಾಗುತ್ತದಾ ಅಂತ ಬರಿಗಣ್ಣಲ್ಲಿ ನೋಡುವುದು. ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸ್ಥಳೀಯ ಹೆಣ್ಣುಮಕ್ಕಳು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಸಾವು ಶೇ 31ರಷ್ಟು ಇಳಿಯಿತು. ಕೈಯಿಂದ ಮುಟ್ಟಿ ಸ್ತನ ಪರೀಕ್ಷೆ ಮಾಡಿದ್ದರಿಂದ 50 ದಾಟಿದವರಲ್ಲಿ ಸಾವು ಶೇ 30ರ ಹತ್ತಿರ ಕಡಿಮೆಯಾಯಿತು. ಸರ್ಕಾರದ ನಿಯಮದಲ್ಲೂ ಇದೇ ಇದೆ. 30 ದಾಟಿದ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಬಾಯಿ, ಹೆಣ್ಣುಮಕ್ಕಳಿಗೆ ಸ್ತನ ಮತ್ತು ಗರ್ಭಕೋಶದ ಬಾಯಿ ನೋಡಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ತಂಬಾಕು ತಿಂತೀರಾ, ಬಾಯಲ್ಲಿ ಹುಣ್ಣಿದೆಯಾ ಅಂತ ಕೇಳಿ ಫಾರ್ಮ್ ತುಂಬುವುದು ಇದಕ್ಕೇ. ಫಾರ್ಮ್ ತುಂಬಿದ ಮೇಲೆ ಯಾರಾದರೂ ನೋಡಬೇಕಲ್ವಾ?

ಇನ್ನು, ರಕ್ತದ ಪರೀಕ್ಷೆ ಬೇಕಾದವರು ಯಾರು ಅನ್ನುವ ಮಾತು. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಇದು ನನ್ನ ಬೆಂಚಿನ ಮೇಲೆ ದಿನಾ ಬರುವ ವಿಷಯ.

ರಕ್ತದ ಆಂಟಿಬಾಡಿಯೇ ನೇರವಾಗಿ ಗುರುತು ಕೊಡುವ ಒಂದು ಕ್ಯಾನ್ಸರ್ ಇದೆ. ಮಲ್ಟಿಪಲ್ ಮೈಲೋಮಾ. ಆಂಟಿಬಾಡಿ ತಯಾರಿಸುವ ಪ್ಲಾಸ್ಮಾ ಕೋಶಗಳೇ ಮೂಳೆಯ ಮಜ್ಜೆಯಲ್ಲಿ ಕೆಟ್ಟು ಬೆಳೆಯುವುದು. ಸಾಮಾನ್ಯವಾಗಿ ನಮ್ಮ ರಕ್ತದಲ್ಲಿ ಸಾವಿರಾರು ಬಗೆಯ ಆಂಟಿಬಾಡಿ ಇರುತ್ತವೆ. ಮೈಲೋಮಾದಲ್ಲಿ ಒಂದೇ ಕೋಶದ ಸಂತತಿ ಹಬ್ಬಿ, ಒಂದೇ ಬಗೆಯ ಆಂಟಿಬಾಡಿಯನ್ನು ಹೊತ್ತುಗೊತ್ತಿಲ್ಲದೆ ಸುರಿಸುತ್ತದೆ. ಮೂಳೆ ಸವೆಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಕಿಡ್ನಿ ಸೋಲುತ್ತದೆ, ಕ್ಯಾಲ್ಸಿಯಂ ಏರುತ್ತದೆ.

ನವಲಗುಂದ, ರೋಣ, ಸವಣೂರು ಕಡೆಯಿಂದ ಬರುವ ಅರವತ್ತು ದಾಟಿದವರನ್ನು ನೆನಪು ಮಾಡಿಕೊಳ್ಳಿ. ಬೆನ್ನು ನೋವು. ಜೀವನವಿಡೀ ಎರಿ ಹೊಲದಲ್ಲಿ ದುಡಿದವರಿಗೆ ಬೆನ್ನು ನೋವು ಹೊಸದೇನಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ಕಡೆ ನೋವಿನ ಇಂಜೆಕ್ಷನ್. ಇನ್ನೊಂದು ಕಡೆ ನೋವಿನ ಗುಳಿಗೆ. ಸುಸ್ತು ಅಂದರೆ ಹಿಮೋಗ್ಲೋಬಿನ್ ನೋಡಿ ಕಬ್ಬಿಣದ ಗುಳಿಗೆ. ತಿಂಗಳುಗಟ್ಟಲೆ ಹೀಗೆ. ಮೈಲೋಮಾ ಇದ್ದವರಿಗೆ ಈ ನೋವಿನ ಗುಳಿಗೆಗಳು ಕಿಡ್ನಿಯನ್ನು ಇನ್ನಷ್ಟು ಬೇಗ ಕೆಡಿಸುತ್ತವೆ. ಇದನ್ನು ಮಾತ್ರ ದಯವಿಟ್ಟು ಎಲ್ಲರಿಗೂ ಹೇಳಿ.

ಸುಳಿವು ಬಹಳ ಸಲ ಸಾದಾ ಪರೀಕ್ಷೆಯಲ್ಲೇ ಇರುತ್ತದೆ. ಲಿವರ್ ಟೆಸ್ಟ್ ಅಂತ ಮಾಡುತ್ತೇವಲ್ಲ, ಅದರಲ್ಲಿ ಟೋಟಲ್ ಪ್ರೋಟೀನ್, ಆಲ್ಬುಮಿನ್ ಅಂತ ಎರಡು ಸಾಲು ಇರುತ್ತವೆ. ಟೋಟಲ್ 6ರಿಂದ 8ರ ಸುತ್ತ, ಆಲ್ಬುಮಿನ್ ಮೂರೂವರೆಯಿಂದ 5. ಮೊದಲಿನದರಲ್ಲಿ ಎರಡನೆಯದು ಕಳೆದರೆ ಉಳಿಯುವುದು ಗ್ಲೋಬುಲಿನ್, ಆಂಟಿಬಾಡಿಗಳು ಇರುವುದು ಅದರಲ್ಲಿ. ಟೋಟಲ್ ಹತ್ತು, ಆಲ್ಬುಮಿನ್ ಮೂರು ಅಂತ ಬಂದರೆ ಏಳು ಉಳಿಯಿತು. ಆಲ್ಬುಮಿನ್‌ಗಿಂತ ಗ್ಲೋಬುಲಿನ್ ಜಾಸ್ತಿ. ರಕ್ತಕಣ ತಳಕ್ಕೆ ಇಳಿಯುವ ವೇಗ ಹೇಳುವ ಇಎಸ್‌ಆರ್ ಬಹಳ ಸಲ ನೂರು ದಾಟಿರುತ್ತದೆ. ಸ್ಲೈಡ್ ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಕೆಂಪು ರಕ್ತಕಣಗಳು ನಾಣ್ಯ ಜೋಡಿಸಿಟ್ಟ ಹಾಗೆ ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಆದರೆ ಈ ರಿಪೋರ್ಟ್‌ಗಳಲ್ಲಿ ಒಂದು ಕಾಗದ ನವಲಗುಂದದ ಲ್ಯಾಬ್‌ನದ್ದು, ಇನ್ನೊಂದು ಹುಬ್ಬಳ್ಳಿಯದ್ದು, ಮತ್ತೊಂದು ಎಲ್ಲೋ ಕಳೆದುಹೋಗಿದೆ. ಎಲ್ಲವನ್ನೂ ಒಂದೇ ಟೇಬಲ್ ಮೇಲೆ ಹರವಿ ನೋಡುವವರು ಇಲ್ಲ.

ಮುಂದಿನ ಪರೀಕ್ಷೆ ಸೀರಮ್ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್. ಹೆಸರು ದೊಡ್ಡದು, ಖರ್ಚು ಕೆಲವು ನೂರು ರೂಪಾಯಿ. ಜೆಲ್ ಮೇಲೆ ರಕ್ತದ ತಿಳಿಯ, ಅಂದರೆ ಸೀರಮ್‌ನ, ಒಂದು ಹನಿ ಇಟ್ಟು ಕರೆಂಟ್ ಹಾಯಿಸುತ್ತೇವೆ. ಪ್ರೋಟೀನ್‌ಗಳು ಬೇರೆ ಬೇರೆ ದೂರಕ್ಕೆ ಓಡುತ್ತವೆ. ಬಣ್ಣ ಹಾಕಿದರೆ ಪಟ್ಟೆಗಳು ಕಾಣುತ್ತವೆ. ಎಲ್ಲಕ್ಕಿಂತ ದಪ್ಪ ಪಟ್ಟೆ ಆಲ್ಬುಮಿನ್. ಆಂಟಿಬಾಡಿ ಇರುವುದು ಅದರ ಎದುರಿನ ತುದಿಯಲ್ಲಿ, ಗಾಮಾ ಅನ್ನುವ ಜಾಗದಲ್ಲಿ. ಆರೋಗ್ಯವಂತರಲ್ಲಿ ಅಲ್ಲಿ ತೆಳುವಾದ, ಅಗಲವಾದ ಮಬ್ಬು. ಟಿಬಿ, ಲಿವರ್ ಕಾಯಿಲೆ, ಹಳೆಯ ಸೋಂಕು ಇದ್ದರೆ ಮಬ್ಬು ದಟ್ಟವಾಗುತ್ತದೆ, ಆದರೆ ಅಗಲವಾಗಿಯೇ ಇರುತ್ತದೆ. ಮೈಲೋಮಾದಲ್ಲಿ ಬಹಳ ಸಲ ಅಲ್ಲಿ ಒಂದೇ ಒಂದು ಗೆರೆ, ಕಿರಿದು, ಕಡುಗಪ್ಪು. ಗ್ರಾಫ್‌ನಲ್ಲಿ ಅದು ನೆಟ್ಟಗೆ ಮೇಲೆದ್ದಿರುತ್ತದೆ. ಆ ಗೆರೆ ಕಂಡಾಗ ನಮ್ಮ ಲ್ಯಾಬ್‌ನಲ್ಲಿ ಯಾರೂ ಮಾತಾಡುವುದಿಲ್ಲ, ಎರಡನೇ ಸಲ ಹಾಕಿ ನೋಡುತ್ತೇವೆ. ಅಂದರೆ ಆಂಟಿಬಾಡಿ ಎಷ್ಟಿದೆ ಅನ್ನುವುದರ ಜೊತೆಗೆ, ಅದು ಒಂದೇ ಬಗೆಯದ್ದಾ, ಹಲವು ಬಗೆಯದ್ದಾ ಅನ್ನುವುದು ಮುಖ್ಯ. "ಐಜಿಜಿ (ರಕ್ತದಲ್ಲಿ ಹೆಚ್ಚಾಗಿ ಇರುವ ಆಂಟಿಬಾಡಿ) ಜಾಸ್ತಿ ಇದೆ" ಅನ್ನುವ ಒಂದು ಅಂಕಿಯಿಂದ ಇದು ತಿಳಿಯುವುದಿಲ್ಲ.

ಹಾಗಂತ ಇದನ್ನೂ ಶಿಬಿರದ ಪ್ಯಾಕೇಜಿಗೆ ಸೇರಿಸಬೇಡಿ, ಕೈಮುಗಿದು ಕೇಳುತ್ತೇನೆ. 50 ದಾಟಿದವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಯಾವ ಕಾಯಿಲೆಯೂ ಇಲ್ಲದೆ ಸಣ್ಣ ಗೆರೆ ಇರುತ್ತದೆ ಅಂತ ಅಮೆರಿಕದ ಅಧ್ಯಯನಗಳು ಹೇಳಿವೆ. ಅದಕ್ಕೆ ಎಂಜಿಯುಎಸ್ ಅನ್ನುತ್ತಾರೆ. ಅಂಥವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಿಗೆ ಮಾತ್ರ ಅದು ಮೈಲೋಮಾ ಕಡೆಗೆ ತಿರುಗುತ್ತದೆ. ಉಳಿದವರಿಗೆ ಸುಮ್ನೆ ಭಯ. ಈ ಪರೀಕ್ಷೆ ಬೇಕಾದದ್ದು ವಾರಗಟ್ಟಲೆ ಬಿಡದ ಬೆನ್ನು ನೋವಿನ ಜೊತೆಗೆ ರಕ್ತ ಕಡಿಮೆ ಇರುವ, ಕಬ್ಬಿಣದ ಗುಳಿಗೆಗೂ ಏರದ, ಕಿಡ್ನಿ ಸೋಲುವುದನ್ನು ತೋರಿಸುವ ಕ್ರಿಯಾಟಿನಿನ್ ಏರುತ್ತಿರುವ ಹಿರಿಯರಿಗೆ. ಡಾಕ್ಟರ್ ಬರೆದುಕೊಟ್ಟ ಮೇಲೆ.

ಜಿಲ್ಲಾ ಆರೋಗ್ಯಾಧಿಕಾರಿಗಳೇ, ನಿಮ್ಮಲ್ಲಿ ನನ್ನ ಕೋರಿಕೆ ಎರಡು. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಎಲೆಕ್ಟ್ರೋಫೊರೆಸಿಸ್‌ಗೆ ಸ್ಯಾಂಪಲ್ ತೆಗೆದು ಹುಬ್ಬಳ್ಳಿಯ ಕಿಮ್ಸ್‌ಗೋ (ಈಗಿನ ಹೆಸರು ಕೆಎಂಸಿ-ಆರ್‌ಐ), ಗದಗ, ಹಾವೇರಿಯ ಮೆಡಿಕಲ್ ಕಾಲೇಜುಗಳಿಗೋ ಕಳಿಸುವ ವ್ಯವಸ್ಥೆ ಆಗಬೇಕು. ಸೀರಮ್ ಬೇರ್ಪಡಿಸಿ ತಣ್ಣಗಿಟ್ಟರೆ ಸಾಕು, ರೋಗಿ ಅಲೆಯಬೇಕಾಗಿಲ್ಲ. ಇನ್ನೊಂದು, ನಿಮ್ಮ ಅನುಮತಿ ಕೇಳಿಕೊಂಡು ನಡೆಯುವ ಶಿಬಿರದಲ್ಲಿ "ಕ್ಯಾನ್ಸರ್ ತಪಾಸಣೆ" ಅಂತ ಬ್ಯಾನರ್ ಹಾಕಬೇಕಾದರೆ ಬಾಯಿ ನೋಡುವ ಟೇಬಲ್ ಇರಲೇಬೇಕು ಅಂತ ಷರತ್ತು ಹಾಕಿ. ಹೆಣ್ಣುಮಕ್ಕಳಿಗೆ ಪರದೆ ಕಟ್ಟಿದ ಕೋಣೆ, ಒಬ್ಬ ಮಹಿಳಾ ಸಿಬ್ಬಂದಿ ಕೂಡ.

ಲ್ಯಾಬ್ ಮಾಲೀಕರೇ, ನಾನೂ ನಿಮ್ಮಂಥವರ ಹತ್ತಿರವೇ ಸಂಬಳ ತಗೊಳ್ಳುವವನು. ಪ್ಯಾಕೇಜ್ ನಡೆದರೆ ನಮ್ಮ ಮನೆ ನಡೆಯುತ್ತದೆ ಅನ್ನುವುದೂ ಗೊತ್ತು. ಆದರೂ ಕೇಳುತ್ತೇನೆ. ಟ್ಯೂಮರ್ ಮಾರ್ಕರ್ ರಿಪೋರ್ಟಿನ ಕೆಳಗೆ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ: "ಈ ಅಂಕಿ ಜಾಸ್ತಿ ಇದ್ದರೆ ಕ್ಯಾನ್ಸರ್ ಇದೆ ಅಂತ ಅಲ್ಲ. ಕಡಿಮೆ ಇದ್ದರೆ ಕ್ಯಾನ್ಸರ್ ಇಲ್ಲ ಅಂತಲೂ ಅಲ್ಲ. ಡಾಕ್ಟರಿಗೆ ತೋರಿಸಿ." ಇಂಗ್ಲಿಷ್‌ನ ಸಣ್ಣ ಅಕ್ಷರ ಕುಂದಗೋಳದ ಆ ಅಕ್ಕನಿಗೆ ಕೆಲಸಕ್ಕೆ ಬರಲಿಲ್ಲ.

ಶಿಬಿರ ನಡೆಸುವವರೇ, ಸತ್ತೂರಿನಲ್ಲಿ ಡೆಂಟಲ್ ಕಾಲೇಜು ಇದೆ. ಪತ್ರ ಬರೆದು ವಿದ್ಯಾರ್ಥಿಗಳನ್ನು ಕಳಿಸಿ ಅಂತ ಕೇಳಿ. ನಿಮ್ಮ ಊರಿನ ಆಶಾ ಅಕ್ಕನನ್ನು, ಉಪಕೇಂದ್ರದ ಸಿಬ್ಬಂದಿಯನ್ನು ಜೊತೆಗೆ ಕೂರಿಸಿಕೊಳ್ಳಿ. ಸಂಶಯ ಬಂದವರ ಹೆಸರು, ಫೋನ್ ನಂಬರ್ ಒಂದು ವಹಿಯಲ್ಲಿ ಬರೆದು, ಅವರು ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಕಿಮ್ಸ್‌ಗೋ ಹೋಗಿ ಬಂದರಾ ಅಂತ ಕೇಳುವ ಜವಾಬ್ದಾರಿ ಒಬ್ಬರಿಗೆ ವಹಿಸಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ ಅನ್ನುವುದನ್ನು ಅಲ್ಲೇ ಹೇಳಿ. ಎಷ್ಟೋ ಜನ ದುಡ್ಡಿಗೆ ಹೆದರಿಯೇ ಬಾಯಿ ತೋರಿಸುವುದಿಲ್ಲ.

ರಕ್ತದ ಟ್ಯೂಬ್‌ಗೆ ಇಟ್ಟ ಹಣ ಉಳಿಯುತ್ತದೆ. ಅದರಲ್ಲಿ ಆ ವಹಿಯಲ್ಲಿರುವವರ ಬಸ್ ಚಾರ್ಜು, ಬಯಾಪ್ಸಿ ಖರ್ಚು ಕೊಡಿ. ಲ್ಯಾಬ್ ಕಡೆಯ ಕೆಲಸ ಇದ್ದರೆ ನಮ್ಮಂಥ ಟೆಕ್ನಿಷಿಯನ್‌ಗಳು ಭಾನುವಾರ ಬರುತ್ತೇವೆ. ಬಾಯಿ ನೋಡುವ ಟೇಬಲ್‌ನಲ್ಲಿ ಟಾರ್ಚ್ ಹಿಡಿದು ನಿಲ್ಲಲೂ ನಾನು ತಯಾರಿದ್ದೇನೆ. ಮುಂದಿನ ಶಿಬಿರದ ಪಟ್ಟಿ ಮಾಡುವಾಗ ಒಮ್ಮೆ ಕರೆಯಿರಿ.

ಇಂತಿ,
ಹುಬ್ಬಳ್ಳಿಯ ಒಬ್ಬ ಲ್ಯಾಬ್ ಟೆಕ್ನಿಷಿಯನ್